ಕಾರವಾರದ ಥಂಡಿಯಲ್ಲಿ ಸ್ಯಾಂಡ್‌ಬರ್ಗ್ ಕಾರ್ಡು

ರೈನ್ ಸ್ಯಾಂಡ್‌ಬರ್ಗ್ ಅಮೆರಿಕದ ಬೇಸ್‌ಬಾಲ್ ಆಟದಲ್ಲಿ ಚಿಕಾಗೋ ಕಬ್ಸ್ ತಂಡದ ಎರಡನೇ ಬೇಸ್ ಕಾಯುತ್ತಿದ್ದವರು. 1983ರಿಂದ 1991ರವರೆಗೆ ಒಂದು ವರ್ಷವೂ ಬಿಡದೆ ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲೋವ್ ಒಂಬತ್ತು, 1984ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ (ಎಂವಿಪಿ), 2005ರಲ್ಲಿ ಮಹಾನ್ ಆಟಗಾರರ ಹಾಲ್ ಆಫ್ ಫೇಮ್‌ನಲ್ಲಿ ಜಾಗ. ಆಟಗಾರರ ಚಿತ್ರವಿರುವ ಕಾರ್ಡು ಕೂಡಿಡುವ ಹವ್ಯಾಸಿಗಳಿಗೆ ಬೇಕಾದ ಅವರ ಮೊದಲ ಕಾರ್ಡುಗಳು 1983ರವು, ಕಂಪನಿಯ ಹೆಸರು ಮತ್ತು ಕಾರ್ಡಿನ ಸಂಖ್ಯೆ ಹೀಗೆ: ಟಾಪ್ಸ್ 83, ಡಾನ್‌ರಸ್ 277, ಫ್ಲೀರ್ 507. ಮೂರರಲ್ಲಿ ಒಂದನ್ನೇ ಕೊಳ್ಳುವುದಾದರೆ ಟಾಪ್ಸ್ ಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದರೆ ಚಿತ್ರದ ಭಾಗದಲ್ಲಿ ಬಣ್ಣದ ಚುಕ್ಕೆಗಳು ಕಾಣಬೇಕು, ಕಪ್ಪು ಅಕ್ಷರ ಮಾತ್ರ ಚುಕ್ಕೆಯಿಲ್ಲದೆ ಗಟ್ಟಿಯಾಗಿರಬೇಕು. ಅಕ್ಷರವೂ ಚುಕ್ಕೆಚುಕ್ಕೆಯಾಗಿದ್ದರೆ ಅದು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ನಕಲು.

ಕೊಳ್ಳುವುದು ಸುಲಭ. ಕಾರವಾರ, ಅಂಕೋಲಾ, ಕುಮಟಾ ಕಡೆ ಕಷ್ಟವೆಲ್ಲ ಜೂನ್ ನಂತರ ಶುರು. ಆ ಕಾಲದ ಕಾರ್ಡು ಬರೀ ರಟ್ಟು. ಮುಂಭಾಗಕ್ಕೆ ತೆಳು ಹೊಳಪಿದೆ, ಹಿಂಭಾಗ ಹಾಗೇ ಬಿಟ್ಟ ಕಾಗದ. ಹಿಂದಿನ ಮೈ ಥಂಡಿ ಹೀರಿ ಹಿಗ್ಗುತ್ತದೆ, ಮುಂದಿನದು ಅಷ್ಟು ಹಿಗ್ಗುವುದಿಲ್ಲ. ಕಾರ್ಡು ಬಿಲ್ಲಿನ ಹಾಗೆ ಬಾಗುತ್ತದೆ. 1990ರ ದಶಕದ ಹೊಳಪಿನ ಕಾರ್ಡುಗಳದ್ದು ಬೇರೆ ರೋಗ. ಒಂದರ ಮೇಲೊಂದು ಇಟ್ಟರೆ ಅಂಟಿಕೊಂಡು, ಬಿಡಿಸುವಾಗ ಬಣ್ಣವೇ ಕಿತ್ತು ಬರುತ್ತದೆ.

ಕಾರ್ಡಿಗೆ ಮೊದಲು ಸ್ಲೀವ್ ಎಂಬ ಮೆತ್ತನೆಯ ಪ್ಲಾಸ್ಟಿಕ್ ಚೀಲ, ಆಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ. ಟಾಪ್‌ಲೋಡರಿನ ಬಾಯಿ ತೆರೆದೇ ಇರುವುದರಿಂದ ಅದರ ಮೇಲೆ ಅಂಟುಮುಚ್ಚಳದ ಚೀಲವೂ ಬೇಕು. ಪಿವಿಸಿ ಹಾಳೆಯ ಆಲ್ಬಮ್ ಬೇಡ, ಕೆಲವು ವರ್ಷಕ್ಕೆ ಜಿಡ್ಡು ಬಿಡುತ್ತದೆ. ಪಾಲಿಪ್ರೊಪಿಲಿನ್ ಎಂದು ಬರೆದದ್ದನ್ನೇ ತನ್ನಿ. ಎಲ್ಲವನ್ನೂ ರಬ್ಬರ್ ಪಟ್ಟಿಯ ಮುಚ್ಚಳವಿರುವ ಐದು ಲೀಟರ್ ಡಬ್ಬಿಯಲ್ಲಿಟ್ಟು, ಥಂಡಿ ಹೀರುವ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ನೂರು ಗ್ರಾಂ ಮತ್ತು ತೇವಾಂಶ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್ ಹಾಕಿ. ಮುಳ್ಳು ಶೇಕಡಾ 45-50ರಲ್ಲಿ ನಿಲ್ಲಬೇಕು. 35ಕ್ಕಿಂತ ಕೆಳಗಿಳಿದರೆ ಕಾರ್ಡು ಆಚೆ ಕಡೆಗೆ ಬಾಗುತ್ತದೆ, ಆಗ ಸ್ವಲ್ಪ ಜೆಲ್ ತೆಗೆಯಿರಿ. ಜೆಲ್ ಹಸಿರಾದರೆ ಓವನ್ನಿನಲ್ಲಿ 110-120 ಡಿಗ್ರಿಗೆ ಎರಡು ತಾಸು ಕಾಯಿಸಿ, ಪೂರ್ತಿ ಆರಿದ ಮೇಲೆ ಮಾತ್ರ ವಾಪಸ್ ಹಾಕಿ.

ಹೆಚ್ಚಿನವರು ತಪ್ಪುವುದು ಡಬ್ಬಿ ಮುಚ್ಚುವ ಹೊತ್ತಿನಲ್ಲಿ. ಮಳೆ ಹಿಡಿದ ಮೇಲೆ ಗಾಬರಿಯಾಗಿ ಮುಚ್ಚಿದರೆ ರಟ್ಟಿನೊಳಗಿನ ಥಂಡಿ ಅಲ್ಲೇ ಬಂದಿಯಾಗಿ ಬೂಷ್ಟು ಬರುತ್ತದೆ. ಜನವರಿ-ಫೆಬ್ರವರಿಯ ಒಣ ದಿನ, ಮಧ್ಯಾಹ್ನ ಮುಚ್ಚಿ. ಶಿರಸಿ ಕಡೆಯ ಮನೆಗಳ ಅಟ್ಟ ಒಣಗಿರುತ್ತದೆ ನಿಜ, ಆದರೆ ಒಲೆಯ ಹೊಗೆ ಬಿಳಿ ಅಂಚನ್ನು ಹಳದಿ ಮಾಡುತ್ತದೆ. ಕಪಾಟಿನ ನುಸಿಗುಳಿಗೆಯೂ ಹತ್ತಿರ ಬೇಡ, ಅದರ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಕಾರ್ಡಿನ ಸ್ಥಿತಿಗೆ ಅಂಕ ಕೊಡಿಸಿ (ಗ್ರೇಡ್ ಮಾಡಿಸಿ) ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಸಿದ ಸ್ಲ್ಯಾಬ್ ಕೂಡ ಗಾಳಿಯಾಡದ ಪೆಟ್ಟಿಗೆಯಲ್ಲ, ಅದನ್ನೂ ಡಬ್ಬಿಯೊಳಗೇ ಇಡಿ.

ಬಾಗಿದ ಕಾರ್ಡಿಗೆ ಇಸ್ತ್ರಿ ಪೆಟ್ಟಿಗೆ ಖಂಡಿತ ಮುಟ್ಟಿಸಬೇಡಿ. ಸ್ಲೀವಿನೊಳಗೇ ಇಟ್ಟು, ಜೆಲ್ ಇರುವ ಡಬ್ಬಿಯಲ್ಲಿ ಎರಡು ಸಪಾಟು ಹಲಗೆಗಳ ನಡುವೆ ಎರಡು-ಮೂರು ವಾರ ಬಿಡಿ.

ಆಟಗಾರ ಸಹಿ ಹಾಕಿದ ಚೆಂಡು ಕಾರ್ಡಿಗಿಂತ ನಾಜೂಕು. ತೊಗಲಿಗೆ ಥಂಡಿ ತಾಗಿದರೆ ಕಂದು ಕಲೆ ಏಳುತ್ತದೆ, ಬೆಳಕು ಬಿದ್ದರೆ ಬಾಲ್‌ಪೆನ್ನಿನ ನೀಲಿ ಮಾಸುತ್ತದೆ. ಸಮುದ್ರದ ಕಡೆಯ ಕಿಟಕಿಯ ಹತ್ತಿರ ಪ್ರದರ್ಶನಕ್ಕೆ ಇಟ್ಟರೆ ಎರಡೂ ಒಟ್ಟಿಗೆ ಆಗುತ್ತವೆ. ಕೊಳ್ಳುವಾಗ ಚೆಂಡಿನ ಮೇಲಿನ ಅಚ್ಚು ಓದಿ: 1999ರವರೆಗೆ ನ್ಯಾಷನಲ್ ಲೀಗ್ (ಕಬ್ಸ್ ಆಡುವ ಲೀಗ್) ಚೆಂಡಿನ ಮೇಲೆ ಲೀಗ್ ಅಧ್ಯಕ್ಷರ ಸಹಿಯ ಅಚ್ಚಿರುತ್ತಿತ್ತು, ಆಮೇಲೆ ಇಡೀ ಬೇಸ್‌ಬಾಲ್‌ನ ಆಗಿನ ಕಮಿಷನರ್ ಬಡ್ ಸೀಲಿಗ್ ಅವರದು ಬಂತು. ಸೀಲಿಗ್ ಅಚ್ಚಿನ ಚೆಂಡನ್ನು 1984ರಲ್ಲೇ ಸಹಿ ಮಾಡಿದ್ದು ಎಂದು ಮಾರುವವರಿಗೆ ದುಡ್ಡು ಕೊಡಬೇಡಿ.