ಪಾಲೇನಾದರೂ ಉಳಿದಿದೆಯೇ?

ಆಲೂರು ತಾಲ್ಲೂಕಿನ ಒಂದು ಹಳ್ಳಿಯ ಅರಳಿಕಟ್ಟೆಯ ಮೇಲೆ ಈ ಪ್ರಶ್ನೆಯನ್ನು ಮೊದಲ ಬಾರಿ ಕೇಳಿಸಿಕೊಂಡೆ. ಆಮೇಲೆ ಹಾಸನದ ನೆಂಟರು ಕೇಳಿದರು, ಚಿಕ್ಕಮಗಳೂರಿನ ಗೆಳೆಯರು ಕೇಳಿದರು, ನನ್ನ ಹೆಂಡತಿಯ ತಮ್ಮನಂತೂ ಬಾಗಿಲು ಮುಂದೆ ಮಾಡಿ ಕೇಳಿದ. ಮುತ್ತಜ್ಜ ಬಾಳಿದ ಮನೆ ಎಲ್ಲಿತ್ತು ಎಂದು ಒಬ್ಬ ಮನುಷ್ಯ ವರ್ಷಗಟ್ಟಲೆ ಭಾನುವಾರಗಳನ್ನು ಕಳೆಯುತ್ತಿದ್ದಾನೆ ಎಂದರೆ ಅದರ ಹಿಂದೆ ಎರಡೆಕರೆ ಕಾಫಿಯಾದರೂ ಇರಬೇಕು ಎಂಬುದು ನಮ್ಮ ಕಡೆಯ ಲೆಕ್ಕ. ತಪ್ಪೆನ್ನಲಾರೆ. ಹಳೆಯ ಪಹಣಿ ಹಿಡಿದು ಊರಿಗೆ ಬರುವವರು ಸಾಮಾನ್ಯವಾಗಿ ಪಾಲಿಗಾಗಿಯೇ ಬರುತ್ತಾರೆ.

ಇಲ್ಲ, ಪಾಲು ಉಳಿದಿಲ್ಲ. ಹಾಗಾದರೆ ಯಾಕೆ ಹುಡುಕಿದೆ ಎನ್ನುವುದನ್ನು ಹೇಳಬೇಕು.

ನಮ್ಮ ಮನೆಯಲ್ಲಿ ಒಂದು ಕಥೆಯಿದೆ. ಮುತ್ತಜ್ಜ ಪ್ಲೇಗಿನ ಕಾಲದಲ್ಲಿ ಮನೆ ಗದ್ದೆಗಳನ್ನು ಇದ್ದ ಹಾಗೆಯೇ ಬಿಟ್ಟು, ಹೆಂಡತಿ ಮಕ್ಕಳನ್ನು ಗಾಡಿ ಹತ್ತಿಸಿಕೊಂಡು ಹಾಸನದ ಕಡೆಗೆ ಬಂದರಂತೆ. ನಂಬಬಹುದಾದ ಕಥೆಯೇ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮೈಸೂರು ಸೀಮೆಯಲ್ಲಿ ವರ್ಷಾನುಗಟ್ಟಲೆ ಕಾಡಿತು. ಇಲಿ ಬಿದ್ದರೆ ಸಾಕು, ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆದರೆ ರೋಗ ಇಳಿದ ಮೇಲೆ ಮನೆಗೆ ಸುಣ್ಣ ಬಳಿದು ವಾಪಸು ಬರುತ್ತಿದ್ದರು. ನಮ್ಮವರು ಯಾಕೆ ವಾಪಸು ಹೋಗಲಿಲ್ಲ? ಚಿಕ್ಕಂದಿನಲ್ಲಿ ಇದನ್ನು ಕೇಳಿದಾಗಲೆಲ್ಲ ನಮ್ಮ ಸೋದರತ್ತೆ ಮಾತು ತಿರುಗಿಸಿ ಕಾಫಿ ಬೇಕೇನೋ ಎನ್ನುತ್ತಿದ್ದರು.

ಹುಡುಕಲು ಹೊರಟವನಿಗೆ ಮೊದಲು ತಿಳಿದದ್ದು, ಸರ್ಕಾರದ ಕಾಗದಗಳಿಗೆ ಮನೆಗಳ ಗೊಡವೆ ಇಲ್ಲ ಎಂಬುದು. ಪಹಣಿಗೆ ಗೊತ್ತಿರುವುದು ಜಮೀನು, ಬೆಳೆ, ಕಂದಾಯ. ಜನ ವಾಸವಿದ್ದ ಜಾಗವೆಲ್ಲ ಸೇರಿ ನಕ್ಷೆಯಲ್ಲಿ ‘ಗ್ರಾಮಠಾಣ’ ಎಂಬ ಒಂದೇ ತುಂಡು. ಅದರೊಳಗೆ ಯಾರ ಮನೆ ಎಲ್ಲಿತ್ತು ಎನ್ನುವುದು ಶಾನುಭೋಗರ ನೆನಪಿನಲ್ಲಿತ್ತು, ಅವರ ಮನೆಯ ಕಟ್ಟುಗಳಲ್ಲಿತ್ತು. 1963ರಲ್ಲಿ ಶಾನುಭೋಗಿಕೆ ರದ್ದಾದ ಮೇಲೆ ಆ ಕಟ್ಟುಗಳಲ್ಲಿ ಕೆಲವು ತಾಲ್ಲೂಕು ಕಚೇರಿಗೆ ಹೋದವು, ಕೆಲವು ಬಚ್ಚಲೊಲೆಗೆ. ಚಿಕ್ಕಮಗಳೂರಿನ ಕಡೆ ಹುಡುಕುವವರಿಗೆ ಒಂದು ಮಾತು: 1947ಕ್ಕೆ ಮೊದಲಿನ ದಾಖಲೆಗಳಲ್ಲಿ ಚಿಕ್ಕಮಗಳೂರು ಜಿಲ್ಲೆ ಎಂದು ಕೇಳಿದರೆ ಸಿಗುವುದಿಲ್ಲ, ಆಗ ಅದು ಕಡೂರು ಜಿಲ್ಲೆ. ನನ್ನ ಗೆಳೆಯನೊಬ್ಬ ಇದು ತಿಳಿಯದೆ ಎರಡು ಸಲ ಬೆಂಗಳೂರಿಗೆ ಹೋಗಿ ಬರಿಗೈಯಲ್ಲಿ ಬಂದ.

ನಮ್ಮ ಊರಿನ ಹೆಸರಿನ ಮುಂದೆ ದಾಖಲೆಯಲ್ಲಿ ‘ಬೇಚರಾಕ್’ ಎಂದಿತ್ತು. ಯಾವುದೋ ಬೈಗುಳವೆಂದುಕೊಂಡಿದ್ದೆ. ಪಾರಸಿಯ ಬೇ-ಚಿರಾಗ್ ಅದು, ದೀಪವಿಲ್ಲದ್ದು. ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರುಗಳಿವೆ, ದೀಪ ಹಚ್ಚಲು ಜನರಿಲ್ಲ. ಕಂದಾಯ ಇಲಾಖೆಯ ಗುಮಾಸ್ತರು ನೂರಾರು ವರ್ಷ ಇಂಥ ಪದವನ್ನು ಕಣ್ಣು ಮಿಟುಕಿಸದೆ ಬರೆದುಕೊಂಡು ಬಂದಿದ್ದಾರೆ!

ಕಾಗದ ಕೈಕೊಟ್ಟಾಗ ಹೆಳವರ ಮೊರೆ ಹೋದೆ. ಎತ್ತಿನ ಮೇಲೆ ಗಂಟೆ ಬಾರಿಸಿಕೊಂಡು ಬಂದು ಒಕ್ಕಲಿನವರ ವಂಶ ಹೊಗಳುವವರು. ನಮ್ಮ ಕಡೆಯ ಹೆಳವರು ಈಗ ಎತ್ತು ಬಿಟ್ಟು ಮೋಟಾರ್ ಬೈಕಿನಲ್ಲಿ ಬರುತ್ತಾರೆ. ಅವರು ಏಳು ತಲೆಯ ಹೆಸರನ್ನು ತಡವರಿಸದೆ ಹೇಳಿದರು, ಮನೆದೇವರನ್ನು ಹೇಳಿದರು, ಊರನ್ನೂ ಹೇಳಿದರು. ಬಿಟ್ಟು ಬಂದದ್ದು ಯಾಕೆ ಎಂದಾಗ ಮಾತ್ರ ‘ದೈವ ಕರೆಯಿತು’ ಎಂದು ಮುಂದಿನ ತಲೆಗೆ ಹಾರಿದರು. ಹೊಗಳಿ ದವಸ ಪಡೆಯುವವರಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದು ತಪ್ಪು.

ಮೂರನೆಯ ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯೊಂದರಲ್ಲಿ 1911ರ ಒಂದು ಪತ್ರದ ನಕಲು ಸಿಕ್ಕಿತು. ನಾನು ಮೊದಲು ಓದಿದ್ದು ಚಕ್ಕುಬಂದಿ. ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಸೇದುವ ಬಾವಿ, ಉತ್ತರಕ್ಕೆ ದಾಯಾದಿಗಳ ಮನೆ, ದಕ್ಷಿಣಕ್ಕೆ ಮಾರಿಗುಡಿಗೆ ಹೋಗುವ ದಾರಿ, ಈ ಮಧ್ಯೆ ಇರುವ ಐದಂಕಣದ ಮನೆ. ಅಷ್ಟು ಸಾಕಾಗಿತ್ತು. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದುಕೊಂಡು, ಸರ್ವೆ ನಂಬರು ನೋಡುತ್ತಾ ಕಾಫಿ ತೋಟದೊಳಗೆ ನುಗ್ಗಿದೆ. ಗೋಡೆಯಿಲ್ಲ, ಮುಂಡಿಗೆಯಿಲ್ಲ. ಮಣ್ಣಿನ ಗೋಡೆಗೆ ಮಲೆನಾಡಿನ ಮಳೆ ಹತ್ತು ವರ್ಷವೂ ಬಿಡುವುದಿಲ್ಲ. ಓಣಿ ಈಗ ಮಳೆನೀರಿನ ಚರಂಡಿ. ಬಾವಿ ಸಿಕ್ಕಿತು, ಅರ್ಧ ತುಂಬಿಹೋಗಿತ್ತು. ಅಲ್ಲಿಂದ ಪೂರ್ವಕ್ಕೆ ಹೆಜ್ಜೆ ಹಾಕಿದರೆ ಎರಡು ಕಾಫಿ ಗಿಡಗಳ ನಡುವೆ, ತರಗೆಲೆ ಸರಿಸಿದಾಗ, ಒರಳು.

ಮನೆ ಹುಡುಕುವವರು ಗೋಡೆ ಹುಡುಕಬಾರದು, ಒರಳು ಹುಡುಕಬೇಕು. ಮನೆ ಬಿಡುವಾಗ ಜನ ತೊಲೆ, ಬಾಗಿಲು, ಚೌಕಟ್ಟು ಎಲ್ಲವನ್ನೂ ಕಿತ್ತು ಗಾಡಿಗೆ ಹೇರುತ್ತಾರೆ. ನೆಲದಲ್ಲಿ ಹೂತ ಒರಳನ್ನು ಕೀಳುವ ತಾಪತ್ರಯ ಯಾರಿಗೂ ಬೇಡ. ಒರಳಿದ್ದಲ್ಲಿ ಅಡುಗೆಮನೆ ಎಂದುಕೊಂಡರೆ ಹತ್ತಾರು ಹೆಜ್ಜೆಯೊಳಗೆ ಬಚ್ಚಲಿನ ಹಾಸುಗಲ್ಲು ಸಿಗುತ್ತದೆ, ಅದರ ನೀರು ಹರಿದ ಕಡೆ ಕರಿಬೇವಿನ ಗಿಡದ ಸಂತತಿ. ಹೆಂಚಿನ ಚೂರು ಸಿಕ್ಕರೆ ಮಾತ್ರ ಜೋಪಾನ. ‘1865’ ಎಂದು ಅಚ್ಚಿದ್ದ ಒಂದು ಚೂರನ್ನು ಕಂಡು ಮನೆ ಕಟ್ಟಿದ ವರ್ಷವೇ ಸಿಕ್ಕಿತೆಂದು ನಾನು ಕುಣಿದಾಡಿದ್ದೆ. ಅದು ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ.

ತಾಯಿಯ ಕಡೆಯ ಮನೆಯನ್ನು ಹುಡುಕುವುದು ಸುಲಭವಾಯಿತು, ಯಾಕೆಂದರೆ ಅದು ಮುಳುಗಿದೆ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದಾಗ ಹಿನ್ನೀರಿಗೆ ಹೋದ ಊರುಗಳಲ್ಲಿ ಅದೂ ಒಂದು. ಅದೇ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿಯ ಪಾಳು ಚರ್ಚನ್ನು ನೋಡಲು ಎಲ್ಲೆಲ್ಲಿಂದಲೋ ಬರುತ್ತಾರೆ. ನಮ್ಮ ಅಜ್ಜಿಯ ಮನೆಗೆ ಗೋಪುರವಿರಲಿಲ್ಲ, ಹಾಗಾಗಿ ಫೋಟೋ ತೆಗೆಯುವವರಿಲ್ಲ. ಆದರೆ ಪರಿಹಾರ ಕೊಡಬೇಕಿತ್ತಲ್ಲ, ಅದಕ್ಕೋಸ್ಕರ ಸರ್ಕಾರ ಆ ಮನೆಯನ್ನು ಅಳೆದಿದೆ. ಎಷ್ಟು ಅಂಕಣ, ಯಾವ ಹೆಂಚು, ಬಾವಿಗೆ ಎಷ್ಟು, ಹಲಸಿನ ಮರಕ್ಕೆ ಎಷ್ಟು, ತೆಂಗಿಗೆ ಎಷ್ಟು, ಎಲ್ಲ ಕಾಗದದಲ್ಲಿದೆ. ಸರ್ಕಾರಕ್ಕೆ ಆ ಮನೆ ಕಣ್ಣಿಗೆ ಬಿದ್ದದ್ದು ಅದನ್ನು ಮುಳುಗಿಸಲು ಹೊರಟಾಗ. ಆ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿದೆ. ಹಲಸು ಎರಡಲ್ಲ, ಮೂರಿತ್ತು, ಒಂದಕ್ಕೆ ದುಡ್ಡು ಕೊಟ್ಟಿಲ್ಲ ಎಂದರು.

ಮತ್ತೆ 1911ರ ಪತ್ರಕ್ಕೆ ಬರುತ್ತೇನೆ. ಚಕ್ಕುಬಂದಿಯ ಉತ್ಸಾಹದಲ್ಲಿ ಮೇಲಿನ ಸಾಲುಗಳನ್ನು ನಾನು ಓದಿರಲೇ ಇಲ್ಲ. ಆ ರಾತ್ರಿ ಓದಿದೆ. ಮೊದಲೇ ಭೋಗ್ಯಕ್ಕೆ ಕೊಟ್ಟಿದ್ದ ಮನೆ ಮತ್ತು ಗದ್ದೆಯನ್ನು ‘ಸಂಸಾರದ ಅಡಚಣೆ ನಿಮಿತ್ತ’ ಶುದ್ಧಕ್ರಯಕ್ಕೆ ಬರೆದುಕೊಟ್ಟಿದ್ದಾರೆ. ಭೋಗ್ಯದ ಹಣ ವಜಾ ಮಾಡಿಕೊಂಡು ಮುತ್ತಜ್ಜನ ಕೈಗೆ ಬಂದದ್ದು ಹನ್ನೊಂದು ರೂಪಾಯಿ. ಕೆಳಗೆ ಹೆಬ್ಬೆಟ್ಟು. ಪ್ಲೇಗಿನ ಸುದ್ದಿಯೇ ಇಲ್ಲ. ಸಾಲಕ್ಕೆ ಮನೆ ಹೋಯಿತು ಎಂದು ಮಕ್ಕಳಿಗೆ ಹೇಳುವುದಕ್ಕಿಂತ ಪ್ಲೇಗಮ್ಮನ ಮೇಲೆ ಹೊರಿಸುವುದು ಅವರಿಗೆ ಹಗುರವಾಗಿ ಕಂಡಿರಬೇಕು. ಸೋದರತ್ತೆಗೆ ಹೇಳಿದಾಗ ಅವರು ಬೆಚ್ಚಲಿಲ್ಲ. ‘ನಿನಗೆ ಯಾರು ಹೇಳಿದರು?’ ಎಂದಷ್ಟೇ ಕೇಳಿದರು.

ಮುಂದಿನ ಭಾನುವಾರ ಆ ಪತ್ರವನ್ನು ಅರಳಿಕಟ್ಟೆಗೆ ಕೊಂಡೊಯ್ದೆ. ಮೊದಲ ದಿನ ಪಾಲಿನ ಪ್ರಶ್ನೆ ಕೇಳಿದ ಯಜಮಾನರೇ ಈಗ ಆ ತೋಟದ ಒಡೆಯರು, ಕೊಂಡವರ ಮೊಮ್ಮಗ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮನೆಯೊಳಗೆ ಕರೆದು ಕಾಫಿ ಕೊಡಿಸಿದರು. ಅವರ ಹತ್ತಿರ ಆ ಜಮೀನಿಗೆ ಇಷ್ಟು ಹಳೆಯ ಕಾಗದ ಇಲ್ಲವಂತೆ, ಅಣ್ಣತಮ್ಮಂದಿರ ನಡುವೆ ಒಂದು ತಕರಾರು ನಡೆಯುತ್ತಿದೆಯಂತೆ. ‘ಒಂದು ಜೆರಾಕ್ಸ್ ಸಿಗುತ್ತದೆಯೇ?’ ಎಂದು ಕೇಳಿದರು. ಆಲೂರಿನಲ್ಲಿ ಅಂಗಡಿ ಮುಚ್ಚಿತ್ತು. ಹಾಸನಕ್ಕೆ ಬಂದ ಮೇಲೆ ಎರಡು ಪ್ರತಿ ಮಾಡಿಸಿ ಅಂಚೆಯಲ್ಲಿ ಕಳುಹಿಸಿದೆ.