ಊರ ಫುಟ್‌ಬಾಲ್ ಕ್ಲಬ್ಬಿನ ಹಳೇ ಆಟಗಾರರು: ನೆನಪಿಗೆ ಇಸವಿ ಕಟ್ಟುವ ಬಗೆ

ಜಿಲ್ಲಾ ಮಟ್ಟದಲ್ಲೇ ಆಡಿ ಮುಗಿಸಿದ ಫುಟ್‌ಬಾಲ್ ಆಟಗಾರನ ಬಗ್ಗೆ ವಿಡಿಯೊ ಇರುವುದಿಲ್ಲ, ಆಡಿದ ಪಂದ್ಯಗಳ ಲೆಕ್ಕ ಇರುವುದಿಲ್ಲ. ನಾಲ್ಕಾರು ಗ್ರೂಪ್ ಫೋಟೊ, ಒಂದಷ್ಟು ಪ್ರಮಾಣಪತ್ರ, ಮೈದಾನದ ಸುತ್ತ ನಿಂತು ನೋಡಿದವರ ಮಾತು, ಇಷ್ಟೇ ಆಸ್ತಿ. ಶಿವಮೊಗ್ಗದ ನೆಹರು ಕ್ರೀಡಾಂಗಣದ ಹತ್ತಿರ ಆಗಲಿ, ಭದ್ರಾವತಿ, ಸಾಗರದ ಮೈದಾನಗಳಲ್ಲಾಗಲಿ ಅರವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ, 'ಅಂಥ ಸೆಂಟರ್ ಫಾರ್ವರ್ಡ್ ಮತ್ತೆ ಹುಟ್ಟಲಿಲ್ಲ' ಅನ್ನುತ್ತಾರೆ. ಯಾವ ವರ್ಷ, ಯಾವ ಕಾಲಲ್ಲಿ ಹೊಡೆಯುತ್ತಿದ್ದರು, ಪಕ್ಕದಲ್ಲಿ ಯಾರು ಆಡುತ್ತಿದ್ದರು ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅಭಿಮಾನ ನಿಜವಾದದ್ದೇ. ಆದರೆ ಇಸವಿ ಮತ್ತು ಆಟದ ವಿವರ ಜೊತೆಗಿಲ್ಲದಿದ್ದರೆ ಆ ಅಭಿಮಾನ ಹೇಳಿದವರ ಜೊತೆಗೇ ಹೋಗಿಬಿಡುತ್ತದೆ.

ಬರೆದಿಟ್ಟ ಒಂದೇ ಸಾಲು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 1-2ರಿಂದ ಸೋತಿತು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಆ ಪಂದ್ಯದಲ್ಲಿ ನಮ್ಮವರು ಎರಡು ಪೆನಾಲ್ಟಿ ಕಳೆದುಕೊಂಡರು, ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಇಷ್ಟೂ ಇವತ್ತಿಗೂ ಗೊತ್ತಿರುವುದು ಪಂದ್ಯದ ವಿವರವನ್ನು ಅಂದೇ ಯಾರೋ ಬರೆದಿಟ್ಟಿದ್ದರಿಂದ. ಊರ ಕ್ಲಬ್ಬಿನ ಆಟಗಾರರಿಗೂ ಅಷ್ಟಾದರೂ ಸಲ್ಲಬೇಕು.

ಕೆಲಸ ಫೋಟೊಗಳಿಂದ ಶುರುವಾಗಲಿ, ಯಾಕೆಂದರೆ ಮಲೆನಾಡಿನಲ್ಲಿ ಮೊದಲು ಹಾಳಾಗುವುದು ಅವೇ. ಗಾಳಿಯ ತೇವಾಂಶ ಶೇ 65 ದಾಟಿದರೆ ಬೂಷ್ಟು ಹಿಡಿಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಹಾಗಾಗಿ ಮನೆಮನೆಗೆ ಹೋಗಿ ಫೋಟೊ ಕೇಳುವ, ಸ್ಕ್ಯಾನ್ ಮಾಡುವ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಫೋಟೊದ ಮೇಲ್ಪದರ ಜೆಲಟಿನ್. ನೀರು ತಾಗಿದರೆ ಉಬ್ಬಿ, ಬೂಷ್ಟಿನ ಜೊತೆ ಮುಖವೂ ಎದ್ದು ಬರುತ್ತದೆ. ನೆರಳಲ್ಲಿ ಒಣಗಿಸಿ, ಮನೆಯ ಹೊರಗೆ ಕೂತು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆತ್ತನೆಯ ಬ್ರಷ್‌ನಿಂದ ತಳ್ಳಿದರೆ ಸಾಕು.

ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಫೋಟೊಗಳಲ್ಲಿ ಬಹಳಷ್ಟು ಗಾಜಿಗೇ ಅಂಟಿರುತ್ತವೆ. ಅವನ್ನು ಬಿಡಿಸಲು ಹೋಗಲೇಬಾರದು, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಬೇಕು. ಪ್ಲಾಸ್ಟಿಕ್ ಹಾಳೆ ಎಳೆದು ಅಂಟಿಸುವ ಆಲ್ಬಮ್ ಇನ್ನೂ ಕೆಟ್ಟದ್ದು. ಅದರ ಗೋಂದು ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ. ಮೂಲೆ ಹಿಡಿದು ಎತ್ತಿದರೆ ಫೋಟೊ ಬಾಗಿ ಮೇಲ್ಪದರ ಬಿರಿಯುತ್ತದೆ. ಮೇಣ ಸವರದ ತೆಳು ದಾರವನ್ನು ಫೋಟೊದ ಹಿಂದೆ ತೂರಿಸಿ, ಗರಗಸದಂತೆ ಅತ್ತಿತ್ತ ಎಳೆಯುತ್ತಾ ಬಿಡಿಸಬೇಕು. ಬರದಿದ್ದರೆ ಪುಟವನ್ನೇ ಸ್ಕ್ಯಾನ್ ಮಾಡಿ. ಪೋಸ್ಟ್‌ಕಾರ್ಡ್ ಅಳತೆಯ ಫೋಟೊಗೆ 600 ಡಿಪಿಐ (ಅಂಗುಲಕ್ಕೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಬೇಕು. ಹನ್ನೊಂದು ಜನ ಸಾಲಾಗಿ ನಿಂತ ಚಿತ್ರದಲ್ಲಿ ಒಂದೊಂದು ಮುಖ ಕಡಲೆಕಾಳಿನಷ್ಟೇ ಇರುತ್ತದೆ. 300ರಲ್ಲಿ ಮಾಡಿದರೆ ದೊಡ್ಡದು ಮಾಡಿದಾಗ ಗುರುತೇ ಸಿಗುವುದಿಲ್ಲ. ಸ್ಕ್ಯಾನರ್ ಇಲ್ಲದಿದ್ದರೆ ಮೊಬೈಲ್ ಆದೀತು, ಆದರೆ ಟ್ಯೂಬ್‌ಲೈಟ್ ಕೆಳಗೆ ಬೇಡ. ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಟ್ಟು, ಫ್ಲಾಶ್ ಆರಿಸಿ, ಸರಿಯಾಗಿ ಮೇಲಿನಿಂದ ತೆಗೆಯಿರಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಬೇಕು. ಹಿಂಬದಿಯನ್ನೂ ಮರೆಯದೆ ತೆಗೆಯಿರಿ, ಸ್ಟುಡಿಯೊ ಮುದ್ರೆ, ತಾರೀಖು ಇರುವುದು ಅಲ್ಲೇ. ನೀವು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ ಮಾತ್ರ. ಬಾಲ್‌ಪೆನ್ ಒತ್ತಿದರೆ ಗೆರೆ ಮುಂದಿನ ಮುಖದ ಮೇಲೆ ಮೂಡುತ್ತದೆ. ಪತ್ರಿಕೆಯ ತುಣುಕನ್ನು ಫೋಟೊ ಜೊತೆ ಇಡಬೇಡಿ, ಆ ಕಾಗದದ ಆಮ್ಲ ಪಕ್ಕದ ಫೋಟೊವನ್ನೂ ಹಳದಿ ಮಾಡುತ್ತದೆ.

ಗ್ರೂಪ್ ಫೋಟೊದಲ್ಲಿ ಹೆಸರು ಬರೆಯುವಾಗ 'ನಿಂತವರು, ಎಡದಿಂದ ಬಲಕ್ಕೆ' ಅಂತ ಬರೆದು ಬಿಟ್ಟರೆ ಮುಂದೆ ಗೊಂದಲ ಖಂಡಿತ. ನೋಡುವವರ ಎಡವೋ, ಆಟಗಾರರ ಎಡವೋ? ಪಾರದರ್ಶಕ ಹಾಳೆ ಇಟ್ಟು ತಲೆಗಳ ಹೊರಗೆರೆ ಎಳೆದು ನಂಬರ್ ಹಾಕುವುದು ಎಲ್ಲಕ್ಕಿಂತ ಭದ್ರ. ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ ಫೋಟೊಗಳೂ ಸಿಗುತ್ತವೆ. ಅಂಗಿಯ ನಂಬರ್, ಹಿಂದಿನ ಬ್ಯಾನರಿನ ಅಕ್ಷರ, ಗುಂಡಿ ಯಾವ ಕಡೆ ಇದೆ ಎಂಬುದನ್ನು ನೋಡಿ. ಇದನ್ನು ಗಮನಿಸದೆ ಎಡಗಾಲ ಆಟಗಾರನನ್ನು ಬಲಗಾಲಿನವನೆಂದು ಬರೆದುಬಿಟ್ಟರೆ ಆ ಮನುಷ್ಯನ ಆಟದ ಗುಟ್ಟೇ ಹೋಯಿತು.

ಇನ್ನು ಇಸವಿ. ಪ್ರಮಾಣಪತ್ರ, ಕರಪತ್ರ, ಲೆಟರ್‌ಹೆಡ್‌ಗಳಲ್ಲಿ ತಾರೀಖು ಅಳಿಸಿದ್ದರೂ ಸುಳಿವು ಉಳಿದಿರುತ್ತದೆ. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಮೈಸೂರು ರಾಜ್ಯ ಎಂದಿದ್ದರೆ 1973ರ ನವೆಂಬರ್‌ಗೆ ಮುಂಚಿನದು. ಭದ್ರಾವತಿಯ ಕಬ್ಬಿಣ ಕಾರ್ಖಾನೆಯ ಹೆಸರು 'ಮೈಸೂರು' ಎಂದು ಶುರುವಾದರೆ ಹಳೆಯದು. 'ವಿಶ್ವೇಶ್ವರಯ್ಯ' ಬಂದದ್ದು 1976ರಲ್ಲಿ. ಕಾಲೇಜಿನಿಂದ ವಿಶ್ವವಿದ್ಯಾಲಯ ತಂಡಕ್ಕೆ ಆಡಿದ ಪ್ರಮಾಣಪತ್ರ ಇದ್ದರೆ ಯಾವ ವಿಶ್ವವಿದ್ಯಾಲಯ ಎಂದು ನೋಡಿ. ಕುವೆಂಪು ವಿಶ್ವವಿದ್ಯಾಲಯ ಆದದ್ದು 1987ರಲ್ಲಿ, ಅದಕ್ಕೆ ಮುಂಚೆ ಶಿವಮೊಗ್ಗದ ಕಾಲೇಜುಗಳು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು.

ಜಿಲ್ಲೆಯ ಗಡಿಯನ್ನು ಬಹಳ ಜನ ಮರೆಯುತ್ತಾರೆ. ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು 1997ರ ಆಗಸ್ಟ್‌ವರೆಗೆ ಶಿವಮೊಗ್ಗ ಜಿಲ್ಲೆಯವೇ, ಆಮೇಲೆ ದಾವಣಗೆರೆಗೆ ಹೋದವು. 'ಚನ್ನಗಿರಿಯವರು ನಮ್ಮ ಜಿಲ್ಲಾ ತಂಡದಲ್ಲಿ ಹೇಗೆ' ಎಂದು ಹೆಸರು ಹೊಡೆದು ಹಾಕುವ ಮೊದಲು ಇದು ನೆನಪಿರಲಿ.

ಕಾಗದವೇ ಇಲ್ಲದಿದ್ದಾಗ ನನಗೆ ಅತ್ಯಂತ ನಂಬಿಕಸ್ಥ ಸಾಕ್ಷಿ ಅನಿಸುವುದು ಆಟದ ನಿಯಮಗಳು. ನೆನಪು ಹೇಳುವವರು ಇಸವಿ ತಪ್ಪಬಹುದು, ಆದರೆ ಕಂಡ ಆಟವನ್ನು ಹೇಳುವಾಗ ಆ ಕಾಲದ ನಿಯಮ ತಾನಾಗಿ ಬಾಯಿಗೆ ಬರುತ್ತದೆ. ಒತ್ತಡ ಬಂದಾಗಲೆಲ್ಲ ಸ್ಟಾಪರ್ (ಹಿಂದೆ ನಡುವೆ ನಿಲ್ಲುವ ಡಿಫೆಂಡರ್) ಚೆಂಡನ್ನು ಹಿಂದಕ್ಕೆ ತಳ್ಳುತ್ತಿದ್ದ, ಗೋಲಿ, ಅಂದರೆ ಗೋಲ್‌ಕೀಪರ್, ಅದನ್ನು ಕೈಯಲ್ಲಿ ಎತ್ತಿಕೊಳ್ಳುತ್ತಿದ್ದ ಎಂದರೆ ಅದು 1992ಕ್ಕೆ ಮುಂಚಿನ ಆಟ. ಸಹ ಆಟಗಾರ ಬೇಕೆಂದೇ ಕಾಲಲ್ಲಿ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ ಆ ವರ್ಷ ಬಂತು. ಸಹ ಆಟಗಾರ ಥ್ರೋ-ಇನ್‌ನಲ್ಲಿ (ಗೆರೆಯಾಚೆಯಿಂದ ಕೈಯಲ್ಲಿ) ಎಸೆದ ಚೆಂಡನ್ನು ಗೋಲಿ ನೇರ ಕೈಗೆ ತೆಗೆದುಕೊಂಡರು ಎಂದರೆ 1997ಕ್ಕೆ ಮುಂಚೆ. ಗೋಲಿ ನಾಲ್ಕು ಹೆಜ್ಜೆಗಿಂತ ಹೆಚ್ಚು ನಡೆದದ್ದಕ್ಕೆ ರೆಫರಿ ಊದಿದರು ಎಂದರೆ 2000ಕ್ಕೆ ಮುಂಚೆ, ಆಮೇಲೆ ಹೆಜ್ಜೆಯ ಬದಲು ಆರು ಸೆಕೆಂಡಿನ ಲೆಕ್ಕ ಬಂತು. ಫೈನಲ್‌ನಲ್ಲಿ ಹಳದಿ ಕಾರ್ಡ್ ಕಂಡರು ಎಂದರೆ 1970ಕ್ಕಿಂತ ಹಿಂದೆ ಹೋಗುವಂತಿಲ್ಲ. ಟೈಬ್ರೇಕರ್‌ನಲ್ಲಿ ಪೆನಾಲ್ಟಿ ಹೊಡೆದು ಗೆದ್ದದ್ದಕ್ಕೂ ಅದೇ ಗೆರೆ. ಅದಕ್ಕೆ ಮುಂಚೆ ಮರುಪಂದ್ಯ, ಇಲ್ಲವೇ ಟಾಸ್. ಹೆಚ್ಚುವರಿ ಸಮಯದಲ್ಲಿ ಗೋಲು ಬಿದ್ದ ತಕ್ಷಣ ಪಂದ್ಯ ಮುಗಿದು ಜನ ಒಳಗೆ ನುಗ್ಗಿದರು ಎಂದರೆ ಗೋಲ್ಡನ್ ಗೋಲ್ ಇದ್ದ ಕಾಲ, 1993ರಿಂದ 2004.

ಫೋಟೊದಲ್ಲೂ ಇದು ಕಾಣುತ್ತದೆ. ಮಧ್ಯದ ಗೆರೆಯ ಮೇಲೆ ಚೆಂಡು, ಅದರ ಪಕ್ಕ ಒಂದೇ ತಂಡದ ಇಬ್ಬರು ಇದ್ದರೆ ಅದು ಹಳೇ ಬಗೆಯ ಕಿಕ್‌ಆಫ್, ಅಂದರೆ ಆಟ ಶುರು ಮಾಡುವ ಹೊಡೆತ: ಒಬ್ಬ ಸ್ವಲ್ಪ ಮುಂದಕ್ಕೆ ತಟ್ಟಬೇಕಿತ್ತು, ಇನ್ನೊಬ್ಬ ಹಿಂದಕ್ಕೆ ಕೊಡುತ್ತಿದ್ದ. 2016ರಲ್ಲಿ ಕಿಕ್‌ಆಫನ್ನು ಯಾವ ದಿಕ್ಕಿಗೆ ಬೇಕಾದರೂ ಹೊಡೆಯಬಹುದು ಎಂದಾದ ಮೇಲೆ ಒಬ್ಬನೇ ನಿಂತು ನೇರ ಹಿಂದಕ್ಕೆ ಕಳಿಸುತ್ತಾನೆ.

ಒಂದು ಎಚ್ಚರಿಕೆ. ಹೊಸ ನಿಯಮ ಊರ ಟೂರ್ನಿಗೆ ಬರುವುದು ತಡ, ಹಳೇ ರೆಫರಿಗಳು ಹಳೇ ಪದ್ಧತಿಯನ್ನೇ ಮುಂದುವರಿಸುವುದೂ ಉಂಟು. ಹಾಗಾಗಿ 'ಈ ವರ್ಷಕ್ಕಿಂತ ಹಿಂದಿನದಲ್ಲ' ಎಂಬ ತೀರ್ಮಾನ ಗಟ್ಟಿ. 'ಈ ವರ್ಷದ ನಂತರದ್ದಲ್ಲ' ಎಂಬುದಕ್ಕೆ ಎರಡು ಮೂರು ವರ್ಷ ಸಡಿಲ ಬಿಡಬೇಕು.

ಅಂಗಿಯ ನಂಬರ್ ಮತ್ತು ಆಡುವ ಜಾಗದ ಹೆಸರೂ ಹೀಗೇ ದಾರಿ ತಪ್ಪಿಸುತ್ತವೆ. ಹಿಂದೆ ಇಬ್ಬರು ಬ್ಯಾಕ್, ನಡುವೆ ಮೂವರು ಹಾಫ್, ಮುಂದೆ ಐವರು ಫಾರ್ವರ್ಡ್ ಇದ್ದ ಕಾಲದಲ್ಲಿ 4, 5, 6 ಹಾಫ್‌ಗಳ ನಂಬರ್. ಆಗಿನ 5ನೇ ನಂಬರ್ ಸೆಂಟರ್ ಹಾಫ್ ಇಡೀ ಮೈದಾನ ಓಡಿ ಚೆಂಡು ಹಂಚುವವನು. ಮುಂದೆ ಅದೇ 5ನೇ ನಂಬರ್ ಹಿಂದಕ್ಕೆ ಸರಿದು ಸ್ಟಾಪರ್ ಆಯಿತು. 'ಫೈವ್ ನಂಬರ್ ಆಡುತ್ತಿದ್ದರು' ಅಂತ ಮಾತ್ರ ಬರೆದರೆ ಇಂದಿನ ಹುಡುಗರು ಡಿಫೆಂಡರ್ ಎಂದೇ ಓದುತ್ತಾರೆ. ರೈಟ್ ಇನ್ (ಬಲ ಒಳಗಿನ ಫಾರ್ವರ್ಡ್), ಲೆಫ್ಟ್ ಔಟ್ (ಎಡ ಅಂಚಿನ ಫಾರ್ವರ್ಡ್) ಎಂಬ ಹಳೇ ಹೆಸರುಗಳನ್ನು ಹೇಳಿದ ಹಾಗೇ ಇಟ್ಟು, ಅವರು ನಿಜವಾಗಿ ಎಲ್ಲಿ ನಿಲ್ಲುತ್ತಿದ್ದರು ಎಂದು ಒಂದು ಮೈದಾನದ ಚಿತ್ರದಲ್ಲಿ ಹೇಳಿದವರ ಕೈಯಲ್ಲೇ ಗುರುತು ಹಾಕಿಸಿ.

ಮಾತಾಡಿಸುವಾಗ ಮೊದಲ ಸಲ ಒಬ್ಬೊಬ್ಬರನ್ನೇ ಕೂರಿಸಿಕೊಳ್ಳಿ. ನಾಲ್ವರು ಒಟ್ಟಿಗೆ ಕೂತರೆ ಜೋರು ದನಿಯವರ ನೆನಪು ಎಲ್ಲರ ನೆನಪಾಗುತ್ತದೆ. ಮೇಲಾಗಿ ಎರಡು ಫೈನಲ್‌ಗಳು ಸೇರಿ ಒಂದಾಗುತ್ತವೆ. ಸೆಮಿಫೈನಲ್‌ನ ಗೋಲು ಫೈನಲ್‌ಗೆ ಹೋಗಿ ಕೂರುತ್ತದೆ. ಎರಡನೇ ಸಲ ಎಲ್ಲರನ್ನೂ ಸೇರಿಸಿ, ವ್ಯತ್ಯಾಸ ಬಂದ ಕಡೆ ಎರಡನ್ನೂ ಬರೆದುಕೊಳ್ಳಿ. 'ಹೇಗಾಡುತ್ತಿದ್ದರು' ಎಂಬ ಪ್ರಶ್ನೆಗೆ 'ಭಾರಿ ಆಟ' ಎಂದೇ ಉತ್ತರ ಬರುವುದು. ಬದಲಿಗೆ ಹೀಗೆ ಕೇಳಿ: ಕಾರ್ನರ್ ಯಾರು ಹೊಡೆಯುತ್ತಿದ್ದರು? ಚೆಂಡು ಎದೆಗೆ ಬಂದರೆ ಏನು ಮಾಡುತ್ತಿದ್ದರು? ಮಳೆಯಲ್ಲಿ? ಆ ಕೊನೆಯ ಪ್ರಶ್ನೆ ನಮ್ಮ ಕಡೆ ತುಂಬಾ ಮುಖ್ಯ. ಚೆಂಡಿನ ತೂಕ ಪಂದ್ಯದ ಆರಂಭದಲ್ಲಿ 410ರಿಂದ 450 ಗ್ರಾಂ ಇರಬೇಕೆಂದು ನಿಯಮ, ಆದರೆ ಹಳೇ ಚರ್ಮದ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು. ನೆಲದ ಪಾಸ್ ಕೆಂಪು ಕೆಸರಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ಒಣ ಮೈದಾನದಲ್ಲಿ ಮಿಂಚಿದವರು ಅಲ್ಲಿ ಕಾಣೆಯಾಗುತ್ತಿದ್ದರು. ಚೆಂಡಿನ ಅಡಿಗೆ ಕಾಲು ಹಾಕಿ ಎತ್ತಬಲ್ಲವರದೇ ರಾಜ್ಯ.

ಕೊನೆಗೆ ಒಬ್ಬ ಆಟಗಾರನ ಬಗ್ಗೆ ಬರೆಯುವುದು ಈ ಹದದಲ್ಲಿರಲಿ: 'ಲೆಫ್ಟ್ ಔಟ್, 11ನೇ ನಂಬರ್. ಎಡಗಾಲು. ಗೆರೆಗೆ ಅಂಟಿಕೊಂಡೇ ಓಡುತ್ತಿದ್ದರು. ಕಾರ್ನರ್ ಬಾವುಟದ ಹತ್ತಿರ ಒಂದು ಕ್ಷಣ ನಿಂತು, ಎದುರು ತಂಡದ ಬ್ಯಾಕ್ ಆಟಗಾರ ಕಾಲು ಚಾಚಿದ ಮೇಲೆ ಅವನ ಕಾಲಿನ ಮೇಲಿಂದ ಕ್ರಾಸ್ ಎತ್ತುತ್ತಿದ್ದರು. ಮಳೆ ಪಂದ್ಯದಲ್ಲಿ ಚೆಂಡು ನೆಲಕ್ಕೆ ಬೀಳುವ ಮೊದಲೇ ಮೊಣಕಾಲಲ್ಲಿ ಮುಂದೆ ಹಾಕಿಕೊಳ್ಳುತ್ತಿದ್ದರು. ಹೆಡ್ಡಿಂಗ್ ಕಡಿಮೆ.' ಕೊನೆಯ ಎರಡು ಪದ ಬಿಡಬೇಡಿ. ಕೊರತೆಯನ್ನೂ ಹೇಳಿದಾಗಲೇ ಮಿಕ್ಕ ಹೊಗಳಿಕೆ ನಂಬುವ ಹಾಗಿರುತ್ತದೆ.

'ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿ) ಗೆದ್ದ ತಂಡದಲ್ಲಿದ್ದರು' ಎಂಬ ಮಾತು ಬಂದರೆ ಪರಿಶೀಲನೆ ಸುಲಭ. ನಮ್ಮ ರಾಜ್ಯ ಅದನ್ನು ಗೆದ್ದದ್ದು ಮೈಸೂರು ಹೆಸರಲ್ಲಿ 1946-47, 1952-53, 1967-68, 1968-69ರಲ್ಲಿ, ಆಮೇಲೆ ಕರ್ನಾಟಕವಾಗಿ 2022-23ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ನಡುವೆ 54 ವರ್ಷ ಖಾಲಿ. 1980ರ ದಶಕದಲ್ಲಿ ಆಡಿದವರು ಗೆದ್ದ ತಂಡದಲ್ಲಿರಲು ಸಾಧ್ಯವಿಲ್ಲ. ಆದರೆ ಅವರು ಸುಳ್ಳು ಹೇಳಿದರು ಎಂದಲ್ಲ. ಸೆಲೆಕ್ಷನ್ ಟ್ರಯಲ್ಸ್‌ಗೆ, ಕ್ಯಾಂಪ್‌ಗೆ ಹೋದದ್ದೇ ಜನರ ಬಾಯಲ್ಲಿ ಬೆಳೆದು 'ಆಡಿದರು', 'ಗೆದ್ದರು' ಎಂದಾಗಿರುತ್ತದೆ. ಮಲೆನಾಡಿನ ಹುಡುಗನೊಬ್ಬ ಬಸ್ಸು ಹಿಡಿದು ಬೆಂಗಳೂರಿನ ಟ್ರಯಲ್ಸ್‌ಗೆ ಹೋಗಿ ನಿಂತದ್ದೇ ಸಣ್ಣ ಮಾತಲ್ಲ, ಅದನ್ನು ಅದೇ ಹೆಸರಿನಿಂದ ಬರೆಯಿರಿ.

ಟೂರ್ನಿಗೆಂದು ಹೊರಗಿನಿಂದ ಕರೆಸಿದ ಆಟಗಾರರದು ಇನ್ನೊಂದು ತೊಡಕು. ಕಪ್ ಗೆದ್ದ ಫೋಟೊದಲ್ಲಿ ಅವರಿರುತ್ತಾರೆ, ವರ್ಷವಿಡೀ ಆಡಿದ ಒಬ್ಬ ಊರ ಹುಡುಗ ಇರುವುದಿಲ್ಲ. ಒಂದೇ ಫೋಟೊ ನೋಡಿ ತಂಡದ ಪಟ್ಟಿ ಮಾಡಿದರೆ ಅನ್ಯಾಯವಾಗುತ್ತದೆ. ಫುಲ್ ಬ್ಯಾಕ್‌ಗಳು ಮತ್ತು ಎರಡನೇ ಗೋಲ್‌ಕೀಪರ್ ಹೆಸರು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು. ಗೋಲು ಹೊಡೆದವರನ್ನು ಊರು ಹೇಗೂ ನೆನಪಿಡುತ್ತದೆ.

ಪ್ರಕಟಿಸುವ ಮೊದಲು ಆಟಗಾರರನ್ನು, ಅವರಿಲ್ಲದಿದ್ದರೆ ಮನೆಯವರನ್ನು ಕೇಳಿ. ಕಾಯಿಲೆ, ಕುಡಿತ, ಸಾಲದ ಮಾತು ಆಟದ ದಾಖಲೆಗೆ ಬೇಡ. ಮೂಲ ಫೋಟೊ ಮನೆಯವರಿಗೇ ವಾಪಸ್ಸು ಕೊಟ್ಟು, ಜೊತೆಗೊಂದು ಹೊಸ ಪ್ರಿಂಟ್ ಕೊಡಿ. ಇನ್ನೂ ಎರಡು ಆಲ್ಬಮ್ ಒಳಗಿಂದ ಹೊರಬರುವುದು ಹೆಚ್ಚಾಗಿ ಆಗಲೇ. ಫೈಲಿನ ಹೆಸರಲ್ಲಿ ಇಸವಿ, ಟೂರ್ನಿ, ಫೋಟೊ ಕೊಟ್ಟ ಮನೆಯ ಗುರುತು ಇರಲಿ, ಇಸವಿ ಅಂದಾಜಾದರೆ 'ಸುಮಾರು' ಎಂದೇ ಸೇರಿಸಿ. ಒಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಆನ್‌ಲೈನ್‌ನಲ್ಲಿ, ಇನ್ನೊಂದು ಬೇರೆ ಊರಲ್ಲಿರುವ ಯಾರದಾದರೂ ಬಳಿ. ಹೆಸರಿನ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿ, ಬಲಗಡೆ ತಿದ್ದಲು ಅಗಲವಾದ ಜಾಗ ಬಿಟ್ಟು, ಮುಂದಿನ ಟೂರ್ನಿಯ ದಿನ ಮೈದಾನದ ಗೇಟಿನ ಹತ್ತಿರ ಒಂದು ಪೆನ್ಸಿಲ್ ಸಮೇತ ಇಡಿ.