ಡಾರ್ಕ್ ನೋಡೋಕೆ ಮುಂಚೆ ಹಳೇಬೀಡು ನೋಡಿ

ಡಾರ್ಕ್ ಬಗ್ಗೆ ಬರೆಯೋಕೆ ಈಗ ತುಂಬ ತಡ ಆಯಿತು ಅಂತ ಗೊತ್ತು. 2017ರಲ್ಲಿ ಶುರುವಾಗಿ 2020ಕ್ಕೆ ಮುಗಿದ ಜರ್ಮನ್ ಸೀರೀಸ್ ಅದು. ನೆಟ್‌ಫ್ಲಿಕ್ಸ್‌ನಲ್ಲಿದೆ, ಮೂರು ಸೀಸನ್, 26 ಎಪಿಸೋಡ್. ಯಾರು ಯಾರಿಗೆ ಅಪ್ಪ, ಯಾರು ಯಾರಿಗೆ ಮಗಳು ಅಂತ ಚಾರ್ಟ್ ಬರೆದುಕೊಂಡು ನೋಡಿದವರು ಬೇಕಾದಷ್ಟು ಜನ ಇದ್ದಾರೆ. ಆ ಚಾರ್ಟ್ ಸಹವಾಸ ನನಗೆ ಬೇಡ. ಆ ಕತೆ ಯಾವ ಯಾವ ಹಳೆ ಕತೆಗಳ ಮೇಲೆ ನಿಂತಿದೆ ಅನ್ನೋದಷ್ಟೇ ನನ್ನ ಆಸಕ್ತಿ, ಯಾಕೆಂದರೆ ಅದರಲ್ಲಿ ಮುಖ್ಯವಾದ ಒಂದು ವಿಷಯ ಹಾಸನ ಜಿಲ್ಲೆಯವರಿಗೆ ಸುಲಭವಾಗಿ ಹೊಳೆಯುತ್ತದೆ. ಸೀರೀಸ್ ನೋಡಿಲ್ಲದವರು ಇಲ್ಲಿಗೇ ನಿಲ್ಲಿಸಿ. ಮುಂದೆ ಎಲ್ಲ ಗುಟ್ಟೂ ಬಯಲು.

ವಿಂಡನ್ ಅಂತ ಒಂದು ಕಾಲ್ಪನಿಕ ಊರು. ಪಕ್ಕದಲ್ಲಿ ಅಣುಸ್ಥಾವರ, ಕಾಡು, ಕಾಡಿನಲ್ಲಿ ಗುಹೆ, ಮೇಲೆ ಸಕಲೇಶಪುರದ ಹಾಗೆ ಬಿಡದೆ ಸುರಿಯುವ ಮಳೆ. 2019ರಲ್ಲಿ ಮಿಕೆಲ್ ಅನ್ನೋ ಹುಡುಗ ಕಾಣೆಯಾಗುತ್ತಾನೆ. ಎಲ್ಲರೂ ಎಲ್ಲಿದ್ದಾನೆ ಅಂತ ಹುಡುಕುತ್ತಾರೆ. ಆದರೆ ಕೇಳಬೇಕಾದ ಪ್ರಶ್ನೆ ಎಲ್ಲಿ ಅಂತಲ್ಲ, ಯಾವಾಗ ಅಂತ. ಹುಡುಗ ಗುಹೆಯಲ್ಲಿ ನಡೆದು 1986ಕ್ಕೆ ಹೋಗಿಬಿಟ್ಟಿರುತ್ತಾನೆ. ಅಲ್ಲೇ ಬೆಳೆದು, ಮದುವೆಯಾಗಿ, ಯೋನಾಸ್ ಅನ್ನೋ ಕಥಾನಾಯಕನಿಗೆ ಅಪ್ಪ ಆಗುತ್ತಾನೆ. ಯೋನಾಸ್ ಇಷ್ಟಪಡೋ ಹುಡುಗಿ ಮಾರ್ಥಾ ಈ ಮಿಕೆಲ್‌ನ ಅಕ್ಕ. ಅಂದರೆ ಅವನಿಗೆ ಅತ್ತೆ. ಸಾಕು, ಇಷ್ಟು ಸಂಬಂಧ ನೆನಪಿಟ್ಟುಕೊಂಡರೆ ಈ ಬರಹಕ್ಕೆ ಸಾಕು.

ಮೊದಲ ಸೀಸನ್‌ನಲ್ಲಿ ಶಾಲೆಯಲ್ಲೊಂದು ನಾಟಕ ಇದೆ. ಮಾರ್ಥಾಳದ್ದು ಅರಿಯಾಡ್ನೆ ಪಾತ್ರ. ಗ್ರೀಕರ ಆ ಕತೆ ಹೀಗಿದೆ: ಕ್ರೀಟ್ ದ್ವೀಪದ ರಾಜ ಮಿನೋಸ್, ಡೀಡಲಸ್ ಅನ್ನೋ ಕುಶಲಕರ್ಮಿಯಿಂದ ಹೊಕ್ಕವರನ್ನ ಸುತ್ತಿಸೋ ಒಂದು ಸುತ್ತುಗೋಟೆ (ಲ್ಯಾಬಿರಿಂತ್) ಕಟ್ಟಿಸಿ, ಅದರೊಳಗೆ ಗೂಳಿತಲೆಯ ಮಿನೋಟಾರನ್ನ ಇಟ್ಟಿರುತ್ತಾನೆ. ಅದನ್ನು ಕೊಲ್ಲೋಕೆ ಬಂದ ಥೀಸಿಯಸ್‌ಗೆ ರಾಜನ ಮಗಳು ಅರಿಯಾಡ್ನೆ ಒಂದು ದಾರದುಂಡೆ ಕೊಡುತ್ತಾಳೆ. ಬಿಡುತ್ತಾ ಹೋಗು, ಅದನ್ನೇ ಹಿಡಿದು ವಾಪಸ್ ಬಾ ಅಂತ. ಅವನು ಕೊಂದು ಹೊರಗೆ ಬರುತ್ತಾನೆ, ಅವಳನ್ನ ಕರೆದುಕೊಂಡು ಹೊರಡುತ್ತಾನೆ, ನಾಕ್ಸೊಸ್ ದ್ವೀಪದಲ್ಲಿ ಬಿಟ್ಟು ಹೋಗಿಬಿಡುತ್ತಾನೆ. ಮಾರ್ಥಾ ವೇದಿಕೆ ಮೇಲೆ ಈ ಮಾತು ಆಡುವ ಎಪಿಸೋಡ್‌ನಲ್ಲೇ ಯೋನಾಸ್ ಗುಹೆಯಲ್ಲಿ ಕೆಂಪು ದಾರ ಹಿಡಿದು ನಡೆಯುತ್ತಾನೆ. ಆ ದಾರ ಕಟ್ಟಿದವನು ಯಾರು ಅಂತ ಆಮೇಲೆ ಗೊತ್ತಾಗುತ್ತದೆ. ಅವನೇ, ವಯಸ್ಸಾದ ಯೋನಾಸ್.

ಇಲ್ಲೊಂದು ಎಡವಟ್ಟಿದೆ, ಬೇಕಂತಲೇ ಮಾಡಿದ್ದು. ಅರಿಯಾಡ್ನೆಯ ದಾರ ಹೊರಗೆ ಬರೋಕೆ ಇರೋದು. ಡಾರ್ಕ್‌ನ ದಾರ ಒಳಗೆ ಎಳೆಯುತ್ತದೆ. ಹೊರಗಿನ ತುದಿ ಯಾರ ಕೈಯಲ್ಲೂ ಇಲ್ಲ.

ಈಗ ಹಳೇಬೀಡಿಗೆ ಬನ್ನಿ. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆಗಳ ಸಾಲು ದಾಟಿ ಮೇಲೆ ಬಂದರೆ ರಾಮಾಯಣ ಮಹಾಭಾರತದ ಸಾಲು ಸಿಗುತ್ತದೆ. ಅದರಲ್ಲಿ ಚಕ್ರವ್ಯೂಹ ಇದೆ. ಗೈಡ್‌ಗಳು ಬೆರಳು ಮಾಡಿ ತೋರಿಸಿ ಮುಂದೆ ಹೋಗಿಬಿಡುತ್ತಾರೆ, ಜನ ಒಂದು ಫೋಟೊ ಹೊಡೆದು ಶಿಲಾಬಾಲಿಕೆ ಹುಡುಕಿಕೊಂಡು ಹೊರಡುತ್ತಾರೆ. ಸ್ವಲ್ಪ ನಿಂತು ನೋಡಿ. ದುಂಡಗಿನ ಸುತ್ತು, ಒಳಗೆ ಸುತ್ತು, ಅದರೊಳಗೆ ಸುತ್ತು. ಈ ವಿನ್ಯಾಸ ಕ್ರೀಟ್‌ನ ಹಳೆ ನಾಣ್ಯಗಳ ಮೇಲೆ ಅಚ್ಚೊತ್ತಿದ ಸುತ್ತುಗೋಟೆಗೆ ತುಂಬ ಹತ್ತಿರ. ಆ ನಾಣ್ಯಗಳು ಕ್ರಿಸ್ತನಿಗಿಂತ ಹಿಂದಿನವು, ನಮ್ಮ ಗುಡಿ 12ನೇ ಶತಮಾನದ್ದು. ಅಲ್ಲಿಂದ ಇಲ್ಲಿಗೆ ಬಂತು, ಇಲ್ಲಿಂದ ಅಲ್ಲಿಗೆ ಹೋಯಿತು ಅನ್ನೋ ವಾಟ್ಸಾಪ್ ಜಗಳಕ್ಕೆ ನಾನು ಬರೋದಿಲ್ಲ. ನನಗೆ ಬೇಕಾಗಿರೋದು ಬೇರೆ.

ಕಣ್ಣಲ್ಲೇ ಬಾಗಿಲಿಂದ ಒಳಗೆ ಹೋಗಿ ನೋಡಿ. ದಾರಿ ಎಡಕ್ಕೆ ತಿರುಗುತ್ತದೆ, ಬಲಕ್ಕೆ ತಿರುಗುತ್ತದೆ, ನಡುವಿನ ಹತ್ತಿರ ಬಂದ ಹಾಗೆ ಮಾಡಿ ಮತ್ತೆ ದೂರ ಒಯ್ಯುತ್ತದೆ. ಆದರೆ ಎಲ್ಲೂ ಕವಲು ಇಲ್ಲ. ಒಂದೇ ದಾರಿ. ನಾಣ್ಯದ ಮೇಲಿನ ಸುತ್ತುಗೋಟೆಯಲ್ಲೂ ಅಷ್ಟೇ. ಅದರಲ್ಲಿ ದಾರಿ ತಪ್ಪೋಕೆ ಸಾಧ್ಯವೇ ಇಲ್ಲ! ಹಾಗಿದ್ದ ಮೇಲೆ ದಾರ ಯಾಕೆ ಬೇಕಿತ್ತು? ಕತೆ ಹೇಳುವವರು ಕವಲುಗಳ ಗೊಂದಲ ಅಂದುಕೊಂಡರು, ಚಿತ್ರ ಬರೆದವರು ಒಂದೇ ಗೆರೆಯ ದಾರಿ ಬರೆದರು. ಡಾರ್ಕ್ ಈ ಚಿತ್ರದ ಕಡೆಗಿದೆ. ಅದರ ಪಾತ್ರಗಳೆಲ್ಲ ತಾವು ಆಯ್ಕೆ ಮಾಡ್ತಿದ್ದೀವಿ ಅಂದುಕೊಂಡು ಒದ್ದಾಡುತ್ತಾರೆ, ನಾವೂ ಸೋಫಾ ಮೇಲೆ ಕೂತು ಈ ಸಲ ತಪ್ಪಿಸ್ತಾನೆ ನೋಡು ಅಂತ ಕಾಯುತ್ತೇವೆ. ಕವಲೇ ಇಲ್ಲದ ಕಡೆ ಏನು ತಪ್ಪಿಸೋದು?

ಕುರುಕ್ಷೇತ್ರ ನಾಟಕದಲ್ಲಿ ವರ್ಷಗಟ್ಟಲೆ ಸೈಂಧವನ ಪಾತ್ರ ಮಾಡಿದ ನಮ್ಮ ದೊಡ್ಡಪ್ಪನಿಗೆ ಈ ಕತೆ ಹೇಳಿದೆ. ನಮ್ಮ ಕಡೆ ಊರೂರಲ್ಲಿ ಆಡ್ತಾರಲ್ಲ, ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆ ಸೀನರಿ, ಬೆಳಗಿನ ಜಾವದವರೆಗೆ ಕಂದ, ವೃತ್ತ, ಅದೇ. ದೊಡ್ಡಪ್ಪ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಸರಿ ಕಣೋ, ನಿನ್ನ ಕತೇಲಿ ಸೈಂಧವ ಯಾರು? ಬಾಗಿಲಲ್ಲಿ ಅಡ್ಡ ನಿಂತೋನು ಒಬ್ಬ ಇರಲೇಬೇಕಲ್ಲ?" ಅಂದರು.

ಇದು ನನಗೆ ಹೊಳೆದಿರಲಿಲ್ಲ. ಅಭಿಮನ್ಯುವಿಗೆ ಒಳಗೆ ಹೋಗೋದು ಗೊತ್ತು, ಹೊರಗೆ ಬರೋದು ಗೊತ್ತಿಲ್ಲ, ಇಷ್ಟನ್ನೇ ನಾವೆಲ್ಲ ಹೇಳ್ತೀವಿ. ಹಿಂದೆ ಬರಬೇಕಿದ್ದ ಭೀಮ ಮೊದಲಾದವರನ್ನ ಶಿವನ ವರದ ಬಲದಿಂದ ಬಾಗಿಲಲ್ಲೇ ತಡೆದವನು ಸೈಂಧವ. ಅವನಿಲ್ಲದಿದ್ದರೆ ಹುಡುಗ ಸಾಯುತ್ತಿರಲಿಲ್ಲ. ಡಾರ್ಕ್‌ನಲ್ಲಿ ಆ ಜಾಗದಲ್ಲಿ ನಿಂತಿರೋದು ಯೋನಾಸನೇ. ಹುಡುಗ ಯೋನಾಸ್ 1986ಕ್ಕೆ ಹೋಗಿ ಮಿಕೆಲ್‌ನನ್ನ ವಾಪಸ್ ಕರೆತರೋಕೆ ನೋಡಿದಾಗ, ದೊಡ್ಡವನಾದ ಯೋನಾಸ್ ಬಂದು ತಡೆಯುತ್ತಾನೆ. ಅವನನ್ನ ಕರೆದುಕೊಂಡು ಹೋದರೆ ನೀನು ಹುಟ್ಟೋದೇ ಇಲ್ಲ ಅಂತ. ಇನ್ನೂ ವಯಸ್ಸಾದ ಮೇಲೆ ಅವನೇ ಆಡಮ್ ಆಗಿ, ಸುಟ್ಟ ಮುಖ ಹೊತ್ತು, ಆ ಹುಡುಗನನ್ನ ಮತ್ತೆ ಮತ್ತೆ ಒಳಗೆ ತಳ್ಳುತ್ತಾನೆ. ಅಭಿಮನ್ಯುವೂ ಸೈಂಧವನೂ ಒಬ್ಬನೇ ಆದರೆ ಹೇಗಿರುತ್ತೆ ಅಂತ ನಮ್ಮ ಯಾವ ನಾಟಕದವರೂ ಬರೆದಿಲ್ಲ ಅನ್ಸುತ್ತೆ.

ಇನ್ನೊಂದು ಕತೆ ಚಿಕ್ಕಮಗಳೂರು ಜಿಲ್ಲೆಯದ್ದು. ಕಡೂರು ತಾಲೂಕಿನ ದೇವನೂರಿನ ಲಕ್ಷ್ಮೀಶ ಬರೆದ ಜೈಮಿನಿ ಭಾರತದಲ್ಲಿ ಬರೋ ಚಂದ್ರಹಾಸ. ಈ ಅನಾಥ ಹುಡುಗ ಮುಂದೆ ರಾಜ್ಯ ಆಳುತ್ತಾನೆ ಅಂತ ಕೇಳಿದ ಮಂತ್ರಿ ದುಷ್ಟಬುದ್ಧಿ ಅವನನ್ನ ಕೊಲ್ಲಿಸೋಕೆ ಹೊರಡುತ್ತಾನೆ. ಒಂದು ಪ್ರಯತ್ನ ಕೈಕೊಡುತ್ತದೆ. ಆಮೇಲೆ ಇವನಿಗೆ ವಿಷ ಕೊಡು ಅಂತ ಮಗನಿಗೆ ಕಾಗದ ಬರೆದು, ಅದನ್ನ ಚಂದ್ರಹಾಸನ ಕೈಲೇ ಕಳಿಸುತ್ತಾನೆ. ದಾರಿಯಲ್ಲಿ ಮಂತ್ರಿಯ ಮಗಳು ವಿಷಯೆ ಒಂದಕ್ಷರ ತಿದ್ದಿ, ಕೊಲೆಯ ಕಾಗದ ಮದುವೆಯ ಕಾಗದ ಆಗುತ್ತದೆ. ಕೊನೆಗೆ ಅಳಿಯನಿಗೆ ಅಂತ ಗುಡಿಯಲ್ಲಿ ಇಟ್ಟ ಕತ್ತಿಗೆ ಸ್ವಂತ ಮಗ ಬಲಿಯಾಗುತ್ತಾನೆ. ತಡೆಯೋಕೆ ಇಟ್ಟ ಒಂದೊಂದು ಹೆಜ್ಜೆಯೂ ಆಗಬೇಕಾದ್ದನ್ನೇ ಮಾಡಿಸುತ್ತದೆ.

ಡಾರ್ಕ್‌ನಲ್ಲೂ ಒಂದು ಕಾಗದ ಇದೆ. ಯೋನಾಸ್‌ನ ಅಪ್ಪ ನೇಣು ಹಾಕಿಕೊಳ್ಳುವ ಮುಂಚೆ ಬರೆದದ್ದು, ನವೆಂಬರ್ 4, ರಾತ್ರಿ 10:13ಕ್ಕೆ ಮುಂಚೆ ತೆರೆಯಬೇಡಿ ಅಂತ ಮೇಲೆ ಬರೆದಿರುತ್ತದೆ. ಎರಡನೇ ಸೀಸನ್‌ನಲ್ಲಿ ಯೋನಾಸ್ ಹಿಂದಕ್ಕೆ ಹೋಗಿ, ಸಾಯಬೇಡಪ್ಪ ಅಂತ ಬೇಡಿಕೊಂಡು ಅದೇ ಕಾಗದ ತೋರಿಸುತ್ತಾನೆ. ಅಪ್ಪನಿಗೆ ಅಂಥ ಯೋಚನೆಯೇ ಇರಲಿಲ್ಲ. ಕಾಗದ ನೋಡಿದ ಮೇಲೆ ತಾನು ಮಾಡಬೇಕಾದ್ದು ಇದೇ ಅಂತ ಅವನಿಗೆ ಅನ್ನಿಸುತ್ತದೆ. ಇಡೀ ಸೀರೀಸ್‌ನಲ್ಲಿ ನನ್ನ ಹೊಟ್ಟೆ ಕಲಸಿದ ದೃಶ್ಯ ಇದು. ಇದನ್ನ ಬರೆದ ಯಾಂಟ್ಯೆ ಫ್ರೀಸ ಮತ್ತೆ ಬಾರಾನ್ ಬೊ ಒಡಾರ್ ಚಂದ್ರಹಾಸನ ಹೆಸರು ಕೇಳಿರಲಿಕ್ಕಿಲ್ಲ. ಅವರಿಗೆ ಗ್ರೀಕರ ಈಡಿಪಸ್ ಇದ್ದ, ಭವಿಷ್ಯವಾಣಿ ತಪ್ಪಿಸೋಕೆ ಹೋಗಿ ಅದನ್ನೇ ನಿಜ ಮಾಡಿದವನು, ಅಷ್ಟು ಸಾಕು.

ಜರ್ಮನ್ ತತ್ವಶಾಸ್ತ್ರದ ಕಡೆಯಿಂದ ಬಂದದ್ದೂ ಬೇಕಾದಷ್ಟಿದೆ. ಮೊದಲ ಸೀಸನ್ ಐನ್‌ಸ್ಟೈನ್ ಮಾತಿನಿಂದ ಶುರುವಾಗುತ್ತದೆ. ಭೂತ, ವರ್ತಮಾನ, ಭವಿಷ್ಯ ಅನ್ನೋ ಭೇದ ಬಿಟ್ಟುಹೋಗದ ಒಂದು ಭ್ರಮೆ ಅಂತ. ಸುಮ್ನೆ ಸ್ಟೈಲಿಗೆ ಹೇಳಿದ ಮಾತಲ್ಲ ಅದು. 1955ರ ಮಾರ್ಚ್‌ನಲ್ಲಿ ಗೆಳೆಯ ಬೆಸ್ಸೊ ತೀರಿಹೋದಾಗ ಅವನ ಮನೆಯವರಿಗೆ ಬರೆದ ಸಾಂತ್ವನದ ಕಾಗದದ ಮಾತು. ಮುಂದಿನ ತಿಂಗಳು ಐನ್‌ಸ್ಟೈನ್ ಕೂಡ ಹೋದರು. ತತ್ವಜ್ಞಾನಿ ನೀಚೆ 1882ರಲ್ಲಿ ಬರೆದದ್ದು ಇನ್ನೂ ನೇರವಾಗಿ ಇಲ್ಲಿಗೆ ಬರುತ್ತದೆ. ಒಂದು ದೆವ್ವ ಬಂದು, ನೀನು ಬಾಳಿದ ಈ ಬದುಕನ್ನೇ, ಒಂದು ಕೂದಲೂ ಬದಲಾಗದೆ, ಲೆಕ್ಕವಿಲ್ಲದಷ್ಟು ಸಲ ಬಾಳಬೇಕು ಅಂದರೆ ಏನು ಮಾಡ್ತೀಯ? ಬೇರೆ ಸೀರೀಸ್ ಆಗಿದ್ದರೆ ಇದನ್ನ ಒಬ್ಬ ಪ್ರೊಫೆಸರ್ ಬಾಯಲ್ಲಿ ಹೇಳಿಸಿ ಮುಗಿಸುತ್ತಿದ್ದರು. ಇಲ್ಲಿ ಎಲ್ಲರೂ ಅದನ್ನೇ ಬಾಳುತ್ತಾರೆ.

ಬೈಬಲ್ ಹೆಸರುಗಳು ಮಾತ್ರ ನನಗೆ ಸ್ವಲ್ಪ ಜಾಸ್ತಿ ಆಯಿತು. ಆಡಮ್, ಈವಾ, ನೋವಾ, ಮೀನಿನ ಹೊಟ್ಟೆ ಸೇರಿದ ಯೋನಾ. ಒತ್ತಿ ಒತ್ತಿ ಹೇಳೋ ಅಗತ್ಯ ಇರಲಿಲ್ಲ. ಗುಹೆಯ ಕಬ್ಬಿಣದ ಬಾಗಿಲ ಮೇಲಿನ ಲ್ಯಾಟಿನ್ ಸಾಲು, 'ಹೀಗೆ ಲೋಕ ಸೃಷ್ಟಿಯಾಯಿತು' ಅನ್ನೋದು, ರಸವಿದ್ಯೆಯವರ ಪಚ್ಚೆ ಹಲಗೆಯದ್ದು. ನ್ಯೂಟನ್ ಕೂಡ ಕೂತು ಇಂಗ್ಲಿಷಿಗೆ ಅನುವಾದ ಮಾಡಿಕೊಂಡಿದ್ದ ಬರಹ ಅದು.

33 ವರ್ಷದ ಲೆಕ್ಕ ಹೇಳದೆ ಬಿಡೋ ಹಾಗಿಲ್ಲ. ಗುಹೆಯ ದಾರಿ ಜೋಡಿಸೋ ವರ್ಷಗಳು 1953, 1986, 2019. ಸೂರ್ಯನ ವರ್ಷಕ್ಕಿಂತ ಚಂದ್ರನ ವರ್ಷ ಸುಮಾರು 11 ದಿನ ಚಿಕ್ಕದು, 33 ವರ್ಷಕ್ಕೆ ಎರಡೂ ಹೆಚ್ಚುಕಡಿಮೆ ಮತ್ತೆ ಸೇರುತ್ತವೆ. ಇದು ಕಟ್ಟುಕತೆ ಅಲ್ಲ. ರಂಜಾನ್ ಪ್ರತಿ ವರ್ಷ ಹಿಂದಕ್ಕೆ ಸರಿಯುತ್ತಾ, ಬೇಸಿಗೆ ಮಳೆಗಾಲ ಎಲ್ಲ ಸುತ್ತಿ, ಸುಮಾರು 33 ವರ್ಷಕ್ಕೆ ಅದೇ ದಿನಗಳಿಗೆ ಬರೋದು ಇದರಿಂದಲೇ. ನಮ್ಮ ಪಂಚಾಂಗದವರು ಅಧಿಕಮಾಸ ತುರುಕಿ ಆ ಓಟಕ್ಕೆ ಅಲ್ಲಲ್ಲೇ ಕಡಿವಾಣ ಹಾಕಿಬಿಟ್ಟರು. ಉಗಾದಿ ಮಳೆಗಾಲಕ್ಕೆ ಹೋಗದೆ ಇರೋದು ಅವರ ಪುಣ್ಯ.

ಇನ್ನು ಕೊನೆ. ಮೂರನೇ ಸೀಸನ್‌ನಲ್ಲಿ ಯೋನಾಸ್‌ನದೊಂದು, ಮಾರ್ಥಾಳದೊಂದು ಅಂತ ಎರಡು ಲೋಕ ಇರೋದು ಗೊತ್ತಾಗುತ್ತದೆ. ಆ ಎರಡೂ ಲೋಕಗಳ ಗಂಟು ಶುರುವಾದದ್ದು ಮೂರನೇ ಲೋಕದಲ್ಲಿ. ಅಲ್ಲಿ ಟಾನ್‌ಹೌಸ್ ಅನ್ನೋ ಗಡಿಯಾರ ರಿಪೇರಿಯವನ ಮಗ, ಸೊಸೆ, ಮೊಮ್ಮಗಳು ಕಾರು ಅಪಘಾತದಲ್ಲಿ ಸಾಯುತ್ತಾರೆ, ಅವರನ್ನ ವಾಪಸ್ ತರೋಕೆ ಅವನು ಯಂತ್ರ ಕಟ್ಟುತ್ತಾನೆ. ಯೋನಾಸ್, ಮಾರ್ಥಾ ಹೋಗಿ ಆ ಅಪಘಾತವನ್ನೇ ತಪ್ಪಿಸುತ್ತಾರೆ. ಅಂದರೆ ಕವಲಿಲ್ಲದ ದಾರಿಯಿಂದ ಹೊರಗೆ ಬರಲಿಲ್ಲ, ಸುತ್ತುಗೋಟೆ ಕಟ್ಟೋದನ್ನೇ ನಿಲ್ಲಿಸಿದರು. ಜೊತೆಗೆ ತಾವೂ ಇಲ್ಲವಾದರು. ಅರಿಯಾಡ್ನೆಯನ್ನ ದ್ವೀಪದಲ್ಲಿ ಒಬ್ಬಳೇ ಬಿಟ್ಟುಹೋದ ಹಳೆ ಕತೆಗಿಂತ ಇದು ನ್ಯಾಯವಾಗಿದೆ ಅಂತ ನನಗನ್ನಿಸಿತು. ಕತೆಯಲ್ಲಿ ಬರೋ ಪ್ರಳಯದ ಹೊತ್ತಿನಲ್ಲಿ ಕಾಲ ಒಂದು ಕ್ಷಣ ನಿಲ್ಲುತ್ತೆ, ಆ ಸಂದಿಯಲ್ಲಿ ತೂರಿಕೊಳ್ಳಬಹುದು ಅನ್ನೋ ವಿವರಣೆ ಮಾತ್ರ ಅನುಕೂಲಕ್ಕೆ ಮಾಡಿಕೊಂಡ ಹಾಗಿದೆ. ದೊಡ್ಡಪ್ಪ ಅಂತೂ ಒಪ್ಪಲೇ ಇಲ್ಲ. "ಅಂಥ ಸಂದಿ ಇದ್ದಿದ್ರೆ ಭೀಮ ಬಿಡ್ತಿದ್ನಾ?" ಅಂದರು.